ಸ್ಪ್ಯಾನಿಷ್ ಭೂತಕಾಲಕ್ಕೆ ಕನ್ನಡದ ಕೀಲಿಕೈ

ಕ್ರಿಯಾಪದದ ಕೊನೆ ನೋಡಿ ಕರ್ತೃ ಯಾರೆಂದು ಹೇಳೋದು ನಮಗೆ ಹೊಸದಲ್ಲ. ಕಡೂರಲ್ಲಿ ಮಾತಾಡಿದೆವು, ತರೀಕೆರೆಯಲ್ಲಿ ಮಾತಾಡಿದಳು, ಅಜ್ಜಂಪುರದಲ್ಲಿ ಮಾತಾಡಿದರು: ಧಾತು ಒಂದೇ, ಬಾಲ ಬೇರೆ.

ಸ್ಪ್ಯಾನಿಷ್‌ನಲ್ಲೂ ಹಾಗೇ. ‘ಮಾತಾಡು’ ಅನ್ನೋಕೆ ‘ಆಬ್ಲಾರ್’. ಕೊನೆಯ ‘ಆರ್’ ತೆಗೆದು ಪ್ರತ್ಯಯ ಹಚ್ಚೋಣ:

ನಾನು – ಆಬ್ಲೆ
ನೀನು – ಆಬ್ಲಾಸ್ತೆ
ಅವನು, ಅವಳು – ಆಬ್ಲೋ
ನಾವು – ಆಬ್ಲಾಮೋಸ್
ಅವರು – ಆಬ್ಲಾರೋನ್

ಎರಡು ಕಡೆ ಎಚ್ಚರ ಬೇಕು. ‘ಆಬ್ಲೋ’ದಲ್ಲಿ ಗಂಡು-ಹೆಣ್ಣು ಭೇದವಿಲ್ಲ, ನಮಗೆ ‘ಮಾತಾಡಿದನು’, ‘ಮಾತಾಡಿದಳು’ ಬೇರೆ ಬೇರೆ. ‘ಆಬ್ಲಾಮೋಸ್’ ಅಂದ್ರೆ ‘ಮಾತಾಡ್ತೀವಿ’ ಕೂಡ ಹೌದು, ‘ಮಾತಾಡಿದ್ವಿ’ ಕೂಡ ಹೌದು. ಗೊಂದಲ ಬೇಡವೆಂದರೆ ‘ಆಯೆರ್’, ಅಂದರೆ ‘ನಿನ್ನೆ’, ಸೇರಿಸೋಣ.

ನಮ್ಮಲ್ಲೂ ‘ಮಾತಾಡಿದೆ’ ಎಂದರೆ ನಾನೋ, ನೀನೋ? ಅಲ್ಲಿ ಸರ್ವನಾಮವೇ ಗತಿ.

ಅಭ್ಯಾಸ: ‘ಓದು’ ಎನ್ನುವ ‘ಎಸ್ತುದಿಯಾರ್’ಗೆ ಇದೇ ಪ್ರತ್ಯಯ ಹಚ್ಚಿ ನೋಡಿ.