ಹಳೆಯ ಕಾರಿನ ದನಿ, ಕಾನೂನಿನ ಕಿವಿ

ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಮೊದಲು ಕೈಕೊಡುವ ಭಾಗಗಳಲ್ಲಿ ಸೈಲೆನ್ಸರ್ ಒಂದು. ಎಂಜಿನ್ನಿಗೆ ಆಯಿಲ್ ಕಾವಲಿದೆ, ಮೈಗೆ ಬಣ್ಣದ ಕಾವಲಿದೆ. ಕಾರಿನ ಅಡಿಯಲ್ಲಿ ತೂಗುವ ಹೊಗೆಕೊಳವೆಗೆ ಹೊರಗಿನಿಂದ ಮಳೆನೀರು ಮತ್ತು ಕೆಸರು, ಒಳಗಿನಿಂದ ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ. ಒಂದು ದಿನ ಹಂಪ್ ದಾಟುವಾಗ ಟಣ್ಣೆಂದು ಸದ್ದಾಗುತ್ತದೆ, ಬಗ್ಗಿ ನೋಡಿದರೆ ತುಕ್ಕು ತಿಂದ ಪೆಟ್ಟಿಗೆ ನೇತಾಡುತ್ತಿರುತ್ತದೆ. ಮಾಲೀಕ ಮೊದಲಿದ್ದಂಥದ್ದನ್ನೇ ಹಾಕಿಸಬಹುದು. ಹೇಗೂ ಬದಲಿಸುವುದೇ ಆಯಿತಲ್ಲ ಎಂದು ದಪ್ಪ ಕೊಳವೆಯ, ಗುಡುಗುವ ದನಿಯ ಸೈಲೆನ್ಸರನ್ನೂ ತರಿಸಬಹುದು. ಆ ಎರಡನೆಯ ದಾರಿಯಲ್ಲಿ ಕಾನೂನು ಅಡ್ಡ ನಿಂತಿದೆ. ಎಲ್ಲಿ ನಿಂತಿದೆ ಎಂಬುದು ದುಡ್ಡು ಕೊಟ್ಟ ಮೇಲಲ್ಲ, ಕೊಡುವ ಮುಂಚೆ ತಿಳಿದಿರಬೇಕು.

ಉದಾಹರಣೆಗೆ 1968ರಲ್ಲಿ ಮೊದಲ ನೋಂದಣಿಯಾದ ಒಂದು ಎಂಜಿಬಿ ಎಂದಿಟ್ಟುಕೊಳ್ಳೋಣ. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಕಾರು ಅದು: 1,798 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್. ಇಂಥ ಕಾರು ಬೆಂಗಳೂರಿನ ಗ್ಯಾರೇಜಿನಲ್ಲಿದ್ದರೆ ಮಾಲೀಕ ಮೊದಲು ತೆಗೆಯಬೇಕಾದದ್ದು ಸ್ಪ್ಯಾನರ್ ಅಲ್ಲ, ಆರ್‌ಸಿ. ಅದು ಸಾಮಾನ್ಯ ನೋಂದಣಿಯೋ, ವಿಂಟೇಜ್ ನೋಂದಣಿಯೋ ಎಂಬುದರ ಮೇಲೆ ಮುಂದಿನ ಹೆಜ್ಜೆಗಳು ನಿಂತಿವೆ.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳಿಗೆಂದೇ 81ಎಯಿಂದ ಆರಂಭವಾಗುವ ಹೊಸ ನಿಯಮಗಳನ್ನು ಸೇರಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಸ್ವಂತ ಬಳಕೆಯ ಕಾರು ಮತ್ತು ದ್ವಿಚಕ್ರ ವಾಹನಗಳು ಇದರ ವ್ಯಾಪ್ತಿಗೆ ಬರುತ್ತವೆ. ಅರ್ಜಿ ಪರಿವಾಹನ್ ಪೋರ್ಟಲಿನಲ್ಲಿ, ನಮೂನೆ 20ರಲ್ಲಿ. ವಿಮೆ ಪತ್ರ ಬೇಕು, ಇಲ್ಲೇ ನೋಂದಣಿಯಾಗಿದ್ದರೆ ಹಳೆಯ ಆರ್‌ಸಿ ಬೇಕು, ಹೊರದೇಶದಿಂದ ತಂದದ್ದಾದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಅದರ ಆಯಸ್ಸು 10 ವರ್ಷ, ನವೀಕರಣಕ್ಕೆ 5,000. ನೋಂದಣಿ ಪತ್ರ ಕೊಡಲು ಪ್ರಾಧಿಕಾರಕ್ಕೆ 60 ದಿನಗಳ ಗಡುವಿದೆ. ಗಡುವು ಮೀರಿದರೆ ಅರ್ಜಿ ಯಾವ ಹಂತದಲ್ಲಿದೆ ಎಂದು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ ಕೇಳಬಹುದು. ಹಳೆಯ ನೋಂದಣಿ ಸಂಖ್ಯೆ ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು, ಹೊಸದಾಗಿ ಪಡೆಯುವವರ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂದಿರುತ್ತದೆ.

ಇದು ಇಂಗ್ಲಿಷ್ ಕಾರುಗಳ ಮಾತಷ್ಟೇ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಅರವತ್ತರ ದಶಕದಲ್ಲಿ ಹೊರಬಿದ್ದ ಜಾವಾ ಬೈಕುಗಳೂ ಈಗ ವಿಂಟೇಜ್ ವಯಸ್ಸಿಗೆ ಬಂದಿವೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಹೊತ್ತ ಆ ಬೈಕುಗಳ ಮಾಲೀಕರಿಗೂ ಇಲ್ಲಿನ ಬಹುತೇಕ ಮಾತು ಅನ್ವಯಿಸುತ್ತದೆ.

ವಿಂಟೇಜ್ ನೋಂದಣಿಗೆ ಎರಡು ಷರತ್ತುಗಳಿವೆ, ಎರಡೂ ಸೈಲೆನ್ಸರಿನ ಆಯ್ಕೆಗೆ ನೇರವಾಗಿ ತಾಗುತ್ತವೆ. ವಾಹನ ಮೂಲ ರೂಪದಲ್ಲಿರಬೇಕು ಎಂಬುದು ಮೊದಲನೆಯದು. ಚಾಸಿ, ಬಾಡಿ ಶೆಲ್ ಅಥವಾ ಎಂಜಿನ್ನಿನ ಮಾರ್ಪಾಡನ್ನು ಒಳಗೊಂಡ ದೊಡ್ಡ ಬದಲಾವಣೆ ಆಗಿರಕೂಡದು ಎಂದು ನಿಯಮ ಬಿಡಿಸಿ ಹೇಳುತ್ತದೆ. ಆ ಮೂರು ಹೆಸರುಗಳಲ್ಲಿ ಸೈಲೆನ್ಸರ್ ಇಲ್ಲ. ತುಕ್ಕು ಹಿಡಿದದ್ದನ್ನು ಬಿಚ್ಚಿ ಅದೇ ಆಕಾರದ್ದನ್ನು, ಅದೇ ಜಾಗದಲ್ಲಿ, ಅದೇ ಕೊಂಡಿಗಳಿಗೆ ಕೂರಿಸಿದರೆ ಅದು ರಿಪೇರಿ. ಆದರೆ ಪಕ್ಕದಿಂದ ಕೊಳವೆ ಹೊರತರಲು ಬಾಡಿಯ ಅಂಚು ಕತ್ತರಿಸಿದರೆ, ದಪ್ಪ ಪೆಟ್ಟಿಗೆಗೆ ಜಾಗ ಮಾಡಲು ನೆಲದ ತಗಡು ಕೊಯ್ದರೆ, ಸೈಲೆನ್ಸರಿನ ನೆಪದಲ್ಲಿ ಬಾಡಿ ಶೆಲ್ಲಿಗೇ ಕೈಹಾಕಿದಂತಾಯಿತು. ರಾಜ್ಯದ ಪರಿಶೀಲನಾ ಸಮಿತಿಯ ಕಣ್ಣಿಗೆ ಮೊದಲು ಬೀಳುವುದು ಅಂಥ ಕೊಯ್ತವೇ.

ಎರಡನೆಯ ಷರತ್ತು ಓಡಾಟದ್ದು. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ್‍ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂಥ ಉದ್ದೇಶಗಳಿಗೆ ಮಾತ್ರ ಕಾರು ರಸ್ತೆಗಿಳಿಯಬಹುದು. ದಿನನಿತ್ಯದ ಓಡಾಟಕ್ಕೂ ವ್ಯಾಪಾರಕ್ಕೂ ಬಳಸುವಂತಿಲ್ಲ. ಈ ಕಾನೂನಿನ ಷರತ್ತು ಲೋಹದ ಆಯ್ಕೆಯನ್ನೂ ತೀರ್ಮಾನಿಸುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಬಹಳ ದಿನ ನಿಂತು, ಪೆಟ್ರೋಲ್ ಬಂಕಿಗೆ ಹೋಗಿ ಬರುವ ಕಾರಿನ ಕೊಳವೆ ಪೂರ್ತಿ ಕಾಯುವುದೇ ಇಲ್ಲ. ಒಳಗೆ ತಣಿದ ನೀರಾವಿ ಪೆಟ್ಟಿಗೆಯ ತಳದಲ್ಲಿ ನಿಲ್ಲುತ್ತದೆ, ಸಾದಾ ಉಕ್ಕಿನ ಸೈಲೆನ್ಸರ್ ಒಳಗಿನಿಂದಲೇ ಕೊಳೆಯುತ್ತದೆ. ಅದಕ್ಕೇ ಇಂಥ ಕಾರಿಗೆ ಸ್ಟೇನ್‌ಲೆಸ್ ಸ್ಟೀಲ್ ಹೊಂದುತ್ತದೆ. ಅದರಲ್ಲೂ 304 ದರ್ಜೆಯದ್ದರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರುತ್ತದೆ. 409 ದರ್ಜೆಯದ್ದು ಅಗ್ಗ, ಅದರಲ್ಲಿ ಕ್ರೋಮಿಯಂ ಸುಮಾರು 11 ಶೇಕಡಾ ಮಾತ್ರ, ಮೇಲ್ಮೈಗೆ ತುಕ್ಕು ಬರುತ್ತದೆ. ಅಂಗಡಿಯವರು ಬರೀ 'ಸ್ಟೇನ್‌ಲೆಸ್' ಎಂದರೆ ಸಾಲದು, ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.

ಇನ್ನು ಸದ್ದಿನ ವಿಷಯ. ಇದು ವಿಂಟೇಜ್ ಕಾರಿಗೂ ನಿನ್ನೆ ಕೊಂಡ ಬೈಕಿಗೂ ಅನ್ವಯಿಸುವ ಕಾನೂನು. ಕೇಂದ್ರ ನಿಯಮಗಳ 120ನೇ ನಿಯಮದ ಪ್ರಕಾರ ಪ್ರತಿ ಮೋಟಾರು ವಾಹನಕ್ಕೂ ಸೈಲೆನ್ಸರ್ ಇರಲೇಬೇಕು, ಅದು ಎಂಜಿನ್ನಿನಿಂದ ಹೊರಬರುವ ಅನಿಲದ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸಬೇಕು. ಸೈಲೆನ್ಸರ್ ಎಂಬ ಹೆಸರಿದ್ದು ಒಳಗೆ ಬರೀ ನೇರ ಕೊಳವೆಯಿದ್ದರೆ ನಿಯಮ ಪಾಲಿಸಿದಂತಾಗುವುದಿಲ್ಲ. ಶಬ್ದದ ಮಿತಿಗಳು 1986ರ ಪರಿಸರ ಸಂರಕ್ಷಣಾ ನಿಯಮಗಳ ಅನುಸೂಚಿಯಲ್ಲಿವೆ. ಉದಾಹರಣೆಗೆ 175 ಸಿಸಿಗಿಂತ ದೊಡ್ಡ ಬೈಕುಗಳಿಗೆ ತಯಾರಿಕೆಯ ಹಂತದಲ್ಲಿ 80 ಡೆಸಿಬಲ್.

ಸದ್ದು ಮತ್ತು ಹೊಗೆಯ ಮಾನದಂಡ ಮೀರಿದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಅನ್ವಯಿಸುತ್ತದೆ. ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜತೆಗೆ ಮೂರು ತಿಂಗಳು ಚಾಲನಾ ಪರವಾನಗಿಗೆ ಅನರ್ಹತೆ. ದಂಡವನ್ನಷ್ಟೇ ಲೆಕ್ಕ ಹಾಕುವವರು ಈ ಕೊನೆಯ ಮಾತನ್ನು ಮರೆಯುತ್ತಾರೆ. ಇದಲ್ಲದೆ 2019ರ ತಿದ್ದುಪಡಿ ತಂದ 182ಎ(4)ನೇ ಕಲಂ ಇದೆ. ಅನುಮತಿಯಿಲ್ಲದ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ. ಹೊರಗಿನಿಂದ ತಂದು ಜೋಡಿಸಿದ ಬಿಡಿಭಾಗವೂ ಇದರಲ್ಲಿ ಸೇರುತ್ತದೆ.

ಮಾರ್ಪಾಡಿನ ಬಗ್ಗೆ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಕೇರಳದ ಜಯಚಂದ್ರ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ತಯಾರಕರು ಮೊದಲು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು 52ನೇ ಕಲಮನ್ನು ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರಣ್ ಅವರ ಪೀಠ ಅರ್ಥೈಸಿತು. ಕಾನೂನು ಒಪ್ಪುವ ಬದಲಾವಣೆಗೂ ನೋಂದಣಿ ಪ್ರಾಧಿಕಾರದ ಅನುಮತಿ ಮೊದಲು ಬೇಕು, ಮಾಡಿಸಿದ 14 ದಿನಗಳೊಳಗೆ ಆರ್‌ಟಿಒಗೆ ವರದಿ ಸಲ್ಲಿಸಬೇಕು. ಸೈಲೆನ್ಸರಿನ ವಿವರ ಆರ್‌ಸಿಯಲ್ಲಿ ಇರುವುದಿಲ್ಲ ನಿಜ. ಆದ್ದರಿಂದ ಅದರ ಮಟ್ಟಿಗೆ ಹೆಚ್ಚು ಕೆಲಸ ಮಾಡುವುದು 120ನೇ ನಿಯಮ. ಆದರೆ ಸೈಲೆನ್ಸರಿನ ಜತೆ ಎಂಜಿನ್ನನ್ನೂ ಬದಲಿಸುವ ಯೋಚನೆ ಇದ್ದರೆ ಕಾಗದದ ಕೆಲಸವೇ ಮೊದಲು.

ಈ ಎಲ್ಲದರ ನಡುವೆ ಎಂಜಿಬಿಗೆ ಎಂಥ ಸೈಲೆನ್ಸರ್ ಆರಿಸಬೇಕು? ಕಾರ್ಖಾನೆಯಿಂದ ಬಂದ ಅಳತೆಯ ಕೊಳವೆ, ಪೆಟ್ಟಿಗೆಗಳೂ ಮೊದಲಿದ್ದಷ್ಟೇ, ಬಾಯಿ ಹಿಂದಕ್ಕೆ. ಪಕ್ಕದಿಂದ ಹೊಗೆ ಬಿಡುವ ಕೊಳವೆ ರೇಸಿನ ಚಿತ್ರಗಳಲ್ಲಿ ಚೆಂದ ಕಂಡೀತು. ಆದರೆ ಅನಿಲವನ್ನು ಕೆಳಕ್ಕೂ ಎಡಬದಿಗೂ ಬಿಡಬಾರದು ಎಂಬುದು 112ನೇ ನಿಯಮದ ಮೂಲ ತತ್ವ, ಏಕೆಂದರೆ ನಮ್ಮಲ್ಲಿ ಎಡಗಡೆ ಜನ ನಡೆಯುತ್ತಾರೆ. ಇಂಧನದ ಪೈಪಿಗೂ ಹೊಗೆಕೊಳವೆಗೂ ಕನಿಷ್ಠ 35 ಮಿಲಿಮೀಟರ್ ಅಂತರವಿರಬೇಕು ಎನ್ನುತ್ತದೆ 113ನೇ ನಿಯಮ. ಬೇರೆ ಮಾದರಿಯ ಸೈಲೆನ್ಸರನ್ನು ಬಗ್ಗಿಸಿ, ಬೆಸುಗೆ ಹಾಕಿ ಕೂರಿಸುವ ಗ್ಯಾರೇಜುಗಳಲ್ಲಿ ತಪ್ಪುವುದು ಈ ಅಳತೆಯೇ. ಕೆಲಸ ಮುಗಿದ ಮೇಲೆ ಕಾರನ್ನು ಎತ್ತಿಸಿ, ಸ್ಕೇಲ್ ಹಿಡಿದು ನೋಡಬೇಕು. ಬೆಂಕಿಯ ಅಪಾಯದ ಮುಂದೆ ಮೆಕ್ಯಾನಿಕ್ಕಿನ ಎದುರು ಸಂಕೋಚ ಪಡಬೇಕಿಲ್ಲ.

ದಪ್ಪ ಕೊಳವೆ ಹಾಕಿದರೆ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಗಟ್ಟಿಯಾಗಿದೆ. ರಸ್ತೆಯಲ್ಲಿ ಸಾಮಾನ್ಯ ವೇಗದಲ್ಲಿ ಓಡುವ ಕಾರಿಗೆ ಅದರಿಂದ ಸಿಗುವುದು ಅಲ್ಪ. ಕಡಿಮೆ ವೇಗದಲ್ಲಿ ಎಳೆತ ತಗ್ಗಿದರೂ ತಗ್ಗಬಹುದು. ಅನಿಲದ ಹರಿವು ಬದಲಾದಾಗ ಕಾರ್ಬುರೇಟರಿನ ಪೆಟ್ರೋಲ್ ಮತ್ತು ಗಾಳಿಯ ಹದ ಕೆಡುತ್ತದೆ, ಎಸ್‌ಯುವಿನ ಸೂಜಿಗಳನ್ನೇ ಬದಲಿಸಬೇಕಾಗುತ್ತದೆ. ಅದರ ಪರಿಣಾಮ ಎಮಿಷನ್ ಟೆಸ್ಟಿನಲ್ಲಿ ಕಾಣುತ್ತದೆ. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ನಿಂತಲ್ಲೇ ಓಡುವಾಗ ಕಾರ್ಬನ್ ಮೊನಾಕ್ಸೈಡ್ 3 ಶೇಕಡಾ ಮೀರಬಾರದು, ಹೈಡ್ರೋಕಾರ್ಬನ್ 1,500 ಪಿಪಿಎಂ ಮೀರಬಾರದು. ಹಳೆಯ ಕಾರುಗಳ ಎಮಿಷನ್ ಪ್ರಮಾಣಪತ್ರಕ್ಕೆ ಆರು ತಿಂಗಳ ಆಯಸ್ಸು. ಸೈಲೆನ್ಸರ್ ಬದಲಿಸಿದ ದಿನವೇ ಹೊಸದಾಗಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಜೋಡಣೆ ಸಡಿಲವಿದ್ದರೆ ಬಣ್ಣವೂ ವಾಸನೆಯೂ ಇಲ್ಲದ ಈ ಮೊನಾಕ್ಸೈಡ್ ಮೇಲ್ಛಾವಣಿ ಮುಚ್ಚಿದ ಕಾರಿನೊಳಗೆ ನುಸುಳುತ್ತದೆ. ಇದು ದಂಡದ ಮಾತಲ್ಲ, ಜೀವದ ಮಾತು.

ಈ ಕಾರುಗಳ ತವರಾದ ಬ್ರಿಟನ್ನಿನಲ್ಲೂ ಕಾನೂನು ಹೀಗೆಯೇ ಇದೆ. ಅಲ್ಲಿನ 1986ರ ವಾಹನ ನಿರ್ಮಾಣ ಮತ್ತು ಬಳಕೆಯ ನಿಯಮಗಳು ಸದ್ದು ಹೆಚ್ಚುವಂತೆ ಸೈಲೆನ್ಸರನ್ನು ತಿದ್ದುವುದನ್ನು ನಿಷೇಧಿಸಿವೆ. 40 ವರ್ಷ ದಾಟಿದ, ದೊಡ್ಡ ಮಾರ್ಪಾಡಿಲ್ಲದ ಕಾರಿಗೆ 2018ರಿಂದ ವಾರ್ಷಿಕ ತಪಾಸಣೆಯ ವಿನಾಯಿತಿ ಸಿಕ್ಕಿತು, ಸದ್ದಿನ ನಿಯಮದಿಂದ ಸಿಗಲಿಲ್ಲ. ಅಲ್ಲಿ ನೆಲೆಸಿ ಹಳೆಯ ಕಾರು ಕೊಂಡ ಕನ್ನಡಿಗರು ಈ ಎರಡನ್ನೂ ಬೇರೆಬೇರೆಯಾಗಿ ನೆನಪಿಡಬೇಕು.

ಪೊಲೀಸರು ಕಾರು ನಿಲ್ಲಿಸಿದರೆ? ಸಮವಸ್ತ್ರದಲ್ಲಿರುವ ಅಧಿಕಾರಿ ಕೇಳಿದಾಗ ದಾಖಲೆ ತೋರಿಸುವುದು ಚಾಲಕನ ಕರ್ತವ್ಯ, ಡಿಜಿಲಾಕರ್‌ನಲ್ಲಿರುವ ಪ್ರತಿಗೂ ಮಾನ್ಯತೆಯಿದೆ. ಯಾವ ಕಲಮಿನಡಿ ಪ್ರಕರಣ ಎಂದು ಕೇಳುವುದು, ರಸೀದಿ ಪಡೆಯುವುದು ಚಾಲಕನ ಹಕ್ಕು. ದಂಡ ಕಟ್ಟಿ ಮುಗಿಸಲು 200ನೇ ಕಲಂ ಅವಕಾಶ ಕೊಡುತ್ತದೆ, ಆದರೆ ಅದನ್ನೇ ಮಾಡಬೇಕೆಂಬ ಬಲವಂತವಿಲ್ಲ. ಸೈಲೆನ್ಸರ್ ಮೂಲ ಮಾದರಿಯದ್ದೇ ಎನ್ನುವವರು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಶಬ್ದವನ್ನು ಅಳೆದರೇ, ಯಾವ ಮಾಪಕದಿಂದ ಅಳೆದರು ಎಂದು ಅಲ್ಲಿ ಕೇಳಬಹುದು. ಆಗ ನೆರವಿಗೆ ಬರುವುದು ಬಿಲ್ಲು, ಬಿಚ್ಚಿದ ಹಳೆಯ ಸೈಲೆನ್ಸರಿನ ಫೋಟೋ ಮತ್ತು ತಯಾರಕರ ವರ್ಕ್‌ಶಾಪ್ ಕೈಪಿಡಿಯ ಆ ಪುಟ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಕರ್ಕಶ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಜೋಡಿಸಿ ರೋಡ್ ರೋಲರ್ ಹರಿಸಿದ ಚಿತ್ರಗಳನ್ನು ಓದುಗರು ಪತ್ರಿಕೆಗಳಲ್ಲಿ ನೋಡಿಯೇ ಇರುತ್ತಾರೆ. ತಮ್ಮದು ಆ ಸಾಲಿಗೆ ಸೇರಿದ್ದಲ್ಲ ಎಂದು ತೋರಿಸಲು ಕಾಗದವೇ ಬೇಕು.

ನೆರೆಯವರಿಗೂ ಹಕ್ಕಿದೆ, ಅದನ್ನು ಮಾಲೀಕರು ಮನಸ್ಸಿನಿಂದ ಒಪ್ಪಬೇಕು. 190(2)ನೇ ಕಲಂ ಸಾರ್ವಜನಿಕ ಸ್ಥಳಕ್ಕೆ ಸೀಮಿತ. ಆದರೆ ಮನೆಯ ಕಾಂಪೌಂಡಿನೊಳಗೆ ಬೆಳಗಿನ ಜಾವ ಎಂಜಿನ್ ರೇಸ್ ಮಾಡಿದರೆ 2000ದ ಶಬ್ದಮಾಲಿನ್ಯ ನಿಯಮಗಳಿವೆ. ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನ ನಿಶ್ಶಬ್ದ ವಲಯದಲ್ಲಿ ಮಿತಿ ಇನ್ನೂ ಕಡಿಮೆ. ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದರೆ ಯಾರು ಬೇಕಾದರೂ ದೂರು ಕೊಡಬಹುದು. ತಕ್ಷಣದ ತೊಂದರೆಗೆ 112ಕ್ಕೆ ಕರೆ ಮಾಡಬಹುದು, ನಿತ್ಯದ ಕಿರುಕುಳವಾದರೆ ದಿನಾಂಕ, ಹೊತ್ತು ಬರೆದಿಟ್ಟ ಲಿಖಿತ ದೂರನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಬೇಕು.

ಕೊನೆಯದಾಗಿ ಅಂಗಡಿಯ ಹೊಣೆ. 'ಇದಕ್ಕೆ ಪೊಲೀಸರ ತೊಂದರೆಯಿಲ್ಲ, ಕಾರ್ಖಾನೆಯ ಮಾದರಿಯದ್ದೇ' ಎಂದು ನಂಬಿಸಿ ಬೇರೆಯದನ್ನು ಮಾರಿದ್ದರೆ ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಪ್ರಶ್ನಿಸಬಹುದಾದ ವ್ಯವಹಾರ. ಮೊದಲು 1915 ಸಹಾಯವಾಣಿಗೆ ದೂರು, ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಅದು ದಾಖಲಾಗಬೇಕು. ಅಷ್ಟು ದಿನ ಆ ಸೈಲೆನ್ಸರನ್ನು ಗುಜರಿಗೆ ಹಾಕದೆ, ಬಿಲ್ಲಿನೊಂದಿಗೆ ಎತ್ತಿಟ್ಟಿರಬೇಕು.