ಮಡಕೆ ಬಡಿದು ನೋಡುವ ಹಾಗೆ

ಮೊದಲ ಸಂಬಳ ಬಂತು, ಕೊಚ್ಚಿಯ ಎಂ.ಜಿ. ರಸ್ತೆಗೆ ಹೋಗಿ ಎಲೆಕ್ಟ್ರಿಕ್ ಗಿಟಾರ್ ತರುತ್ತೇನೆ ಅಂತ ಹೊರಟಿದ್ದೀಯ. ಸಂತೋಷ ಮಗಾ. ನಿನ್ನ ಬೆರಳಲ್ಲಿ ಗುಣವಿದೆ, ಕಾಲಿಗೆ ಮಾತ್ರ ಭಾರೀ ಅವಸರ. ಸ್ವಲ್ಪ ಕೂತು ಕೇಳು.

ನಿನ್ನ ಅಜ್ಜಿ ಕಾಸರಗೋಡಿನ ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ಬಡಿದು ಕಿವಿಗೊಡುತ್ತಿದ್ದಳು. ಬಿರುಕಿದ್ದರೆ ಮಡಕೆ ತಾನೇ ಹೇಳುತ್ತದೆ. ಗಿಟಾರೂ ಹೇಳುತ್ತದೆ, ನೀನು ಕೇಳಬೇಕಷ್ಟೆ.

ಕೈಗೆ ಬಂದ ಕೂಡಲೇ ಆಂಪ್ಲಿಫೈಯರಿಗೆ ಸಿಕ್ಕಿಸಬೇಡ. ಶ್ರುತಿ ಮಾಡಿ ಬರಿದೇ ನುಡಿಸು. ಆರೂ ತಂತಿಗಳನ್ನು ಒಂದೊಂದು ಫ್ರೆಟ್ಟಿನಲ್ಲೂ ಒತ್ತಿ ಮೀಟು. ಎಲ್ಲಾದರೂ ಝರ್ ಅನ್ನುತ್ತದಾ ನೋಡು. ಆಮೇಲೆ ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯದರಲ್ಲೂ ಒಟ್ಟಿಗೆ ಒತ್ತಿಹಿಡಿ. ನಡುವೆ, ಏಳೆಂಟನೇ ಫ್ರೆಟ್ಟಿನ ಹತ್ತಿರ, ಕಾಗದ ತೂರುವಷ್ಟು ಸಂದು ಕಂಡರೆ ಕತ್ತು ಸರಿಯಿದೆ. ಸಂದು ಹೆಚ್ಚಿದ್ದರೆ ಕತ್ತಿನೊಳಗಿನ ಟ್ರಸ್ ರಾಡ್ ಎಂಬ ಸರಳನ್ನು ತಿರುಗಿಸಿ ಸರಿಮಾಡಿಕೊಡಲು ಹೇಳು, ಆಗದಿದ್ದರೆ ಬಿಟ್ಟುಬಿಡು. ನಮ್ಮ ಕರಾವಳಿಯಲ್ಲಿ ಆಟಿ ಮಳೆಗೆ ಮರ ನೀರು ಕುಡಿಯುತ್ತದೆ, ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ. ಇವತ್ತೇ ಬಾಗಿದ ಕತ್ತು ಮುಂದಿನ ಮಳೆಗಾಲ ತಡೆದೀತೇ?

ಕೊಚ್ಚಿಯ ಮದರ್‌ಜೇನ್ ತಂಡದಲ್ಲಿದ್ದ ಬೈಜು ಧರ್ಮಜನ್ ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತದ ಗಮಕ ತೆಗೆದವರು. ನಿನಗೂ ಅದೇ ಹುಚ್ಚು. ಹಾಗಿದ್ದರೆ ತಂತಿಯನ್ನು ಚೆನ್ನಾಗಿ ಎಳೆದು ನೋಡು ಮಾರಾಯ. ಎಳೆಯುವಾಗ ನಾದ ನಡುವೆ ಸಾಯಬಾರದು, ಬಿಟ್ಟ ಮೇಲೆ ಶ್ರುತಿ ಕದಲಬಾರದು.

ತಿರುವನಂತಪುರದಲ್ಲಿ ನೌಕರಿಗಿದ್ದಾಗ ನಾನೊಂದು ಕೆಂಪು ಗಿಟಾರ್ ಕೊಂಡಿದ್ದೆ. ಅಂಗಡಿಯಲ್ಲಿ ಸದ್ದು ಬದಲಿಸುವ ಪೆಡಲ್ ಸಿಕ್ಕಿಸಿ ಗುಡುಗು ಎಬ್ಬಿಸಿ ತೋರಿಸಿದರು, ನಾನು ಮರುಳಾದೆ. ಮನೆಗೆ ತಂದು ಬರೀ ಗಿಟಾರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಗುಂಡಿ ತಿರುಗಿಸಿದಾಗ ಕರಕರ, ವೈರು ಅಲ್ಲಾಡಿದಾಗ ಸದ್ದೇ ಮಾಯ. ಪೆಡಲಿನ ಆರ್ಭಟದಲ್ಲಿ ಅಡಗಿದ್ದ ದೋಷವೆಲ್ಲ ಹೊರಗೆ ಬಂತು. ಅದಕ್ಕೇ ಹೇಳುವುದು, ನಿನ್ನ ಕೋಣೆಯಲ್ಲಿರುವಂಥ ಸಣ್ಣ ಆಂಪ್ಲಿಫೈಯರನ್ನೇ ಕೇಳು. ಪೆಡಲ್ ಬೇಡ. ಪ್ರತಿ ಗುಂಡಿ ತಿರುಗಿಸು, ಸ್ವಿಚ್ಚು ಆಚೀಚೆ ಮಾಡು, ವೈರು ಸಿಕ್ಕಿಸುವಲ್ಲಿ ಮೆಲ್ಲಗೆ ಅಲ್ಲಾಡಿಸು.

ಗಿಟಾರಿನ ಪಟ್ಟಿ ಹೆಗಲಿಗೆ ಹಾಕಿಕೊಂಡು ಹತ್ತು ನಿಮಿಷ ನಿಂತು ನುಡಿಸು. ನಾಲ್ಕು ಕಿಲೋ ಭಾರ ಕೂತಾಗ ಗೊತ್ತಾಗುವುದಿಲ್ಲ, ಹೆಗಲಿಗೆ ಗೊತ್ತಾಗುತ್ತದೆ.

ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ, ದುಡ್ಡು ನಿನ್ನ ಬೆವರಿನದು. ಮನಸ್ಸು ಒಪ್ಪದಿದ್ದರೆ ಬರಿಗೈಯಲ್ಲಿ ಬಾ. ಬರಿಗೈಯಲ್ಲಿ ಬಂದವನನ್ನು ನೋಡಿ ಈ ಮನೆಯಲ್ಲಿ ಯಾರೂ ನಗುವುದಿಲ್ಲ.