ತೋಟದ ಹೆಂಗಸರ ಮೇಲೆ ಕವಿತೆ ಕಟ್ಟುವಾಗ

ಕೊಡಗಿನ ಕಾಫಿ ತೋಟಗಳಲ್ಲಿ ದುಡಿಯುವ ಹೆಂಗಸರ ಬಗ್ಗೆ ಬರೆಯುತ್ತ ಬರೆಯುತ್ತ ನನಗೆ ತಿಳಿದದ್ದು ಇಷ್ಟು.

1. ಮೊದಲು ಕೆಲಸ ತಿಳಿಯಬೇಕು, ದುಃಖ ಆಮೇಲೆ. ಅರೇಬಿಕಾ ಒಂದೇ ಸಲಕ್ಕೆ ಹಣ್ಣಾಗುವುದಿಲ್ಲ. ಕೆಂಪಗಾದದ್ದನ್ನು ಮಾತ್ರ ಬಿಡಿಸಿ, ಕಾಯಿಯನ್ನು ಮುಂದಿನ ಕೊಯ್ಲಿಗೆ ಬಿಡಬೇಕು. ಸೊಂಟಕ್ಕೆ ಚೀಲ, ಕಾಲಡಿ ಇಳಿಜಾರು, ಕೊಂಬೆ ಬಗ್ಗಿಸಿದರೆ ಕತ್ತಿನೊಳಗೆ ಚಗಳಿ ಇರುವೆ. ಸಂಜೆ ಟಾರ್ಪಾಲಿನ ಮೇಲೆ ಸುರಿದು, ಬೆರೆತ ಕಾಯಿ ಆರಿಸಿದ ಮೇಲೇ ತೂಕ. ತೋಟದ ಲೆಕ್ಕ ಬರೆಯುವ ರೈಟರು ಕೂಗಿದ ಕಿಲೋ ಲೆಕ್ಕವನ್ನು ಕೊಯ್ದವಳು ನಿಂತಲ್ಲೇ ರೂಪಾಯಿ ಮಾಡಿ ನೋಡುತ್ತಾಳೆ. ಈ ಗಳಿಗೆ ಕವಿತೆಯಲ್ಲಿ ಬಂದರೆ ‘ಶೋಷಣೆ’ ಎಂದು ಬರೆಯುವ ಅಗತ್ಯವೇ ಇಲ್ಲ.

2. ಮಳೆಗೆ ಒಂದೇ ಮುಖವಿಲ್ಲ. ಹೂಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ರೊಬಸ್ಟಾ ಬೆಳ್ಳಗೆ ಅರಳುತ್ತದೆ, ಮಲ್ಲಿಗೆಯಂಥ ಪರಿಮಳ. ಕವಿತೆಗಳು ಹೆಚ್ಚಾಗಿ ಅಲ್ಲೇ ನಿಂತುಬಿಡುತ್ತವೆ. ಆದರೆ ಕೊಯ್ಲು ತಡವಾದ ವರ್ಷ ಅದೇ ಮಳೆಯ ಹೊತ್ತಿಗೆ ಕಣದಲ್ಲಿ ಕಾಫಿ ಇನ್ನೂ ಒಣಗುತ್ತಿರುತ್ತದೆ. ಹನಿ ಬಿದ್ದ ಕೂಡಲೇ ರಾಶಿ ಮಾಡಿ ಮುಚ್ಚಲು ಹೆಂಗಸರು ಓಡುತ್ತಾರೆ. ಹೂವೂ ಈ ಓಟವೂ ಒಂದೇ ಪದ್ಯದಲ್ಲಿರಲಿ.

3. ಬರೆದದ್ದನ್ನು ಅವರಿಗೇ ಓದಿ ಹೇಳಿ. ಕೊಯ್ಲಿನ ಪದ್ಯ ಕೇಳಿದ ಒಬ್ಬಾಕೆ, “ಅಕ್ಕಾ, ಮಗು ಯಾರ ಹತ್ರ ಬಿಟ್ಟಿದ್ಲು?” ಎಂದಳು. ಯಾವ ವಿಮರ್ಶಕರೂ ನನ್ನನ್ನು ಅದನ್ನು ಕೇಳಿರಲಿಲ್ಲ.

4. ಸಾವಿನ ಪದ್ಯದಲ್ಲಿ ಮುಗಿಲು ಅತ್ತಿತೆಂದು ಬರೆಯಬೇಡಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ತೋಟಗಳ ಸಮೇತ ಜಾರಿದವು. 2020ರ ಆಗಸ್ಟ್ 6ರ ರಾತ್ರಿ ಕೇರಳದ ಮುನ್ನಾರ್ ಬಳಿಯ ಪೆಟ್ಟಿಮುಡಿಯಲ್ಲಿ ಚಹಾ ತೋಟದ ಕೂಲಿಯವರ ಲೈನ್ ಮನೆಗಳ ಮೇಲೆ ಗುಡ್ಡ ಕುಸಿದು 70 ಜನ ಸತ್ತರು. ಕರೆಂಟು, ಫೋನು ಎರಡೂ ಇರಲಿಲ್ಲ. ಹೊರಗಿನವರಿಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ. ಕೊಂದದ್ದೇ ಮಳೆ, ಅದು ಹೇಗೆ ಅತ್ತೀತು? ಆ ರಾತ್ರಿಗೂ ಬೆಳಗಿಗೂ ನಡುವಿನ ಹೊತ್ತನ್ನು ಬರೆಯಿರಿ. ಲೈನ್ ಮನೆ ತೋಟದ್ದು ಎಂಬುದನ್ನೂ ಬರೆಯಿರಿ: ಗಂಡ ಸತ್ತರೂ ಮನೆ ಉಳಿಯಬೇಕಾದರೆ ಅವಳು ಕೆಲಸಕ್ಕೆ ಹೋಗಲೇಬೇಕು.

5. ಅವರನ್ನು ಬರೀ ಅಳುವವರನ್ನಾಗಿ ಮಾಡಬೇಡಿ. 2015ರ ಸೆಪ್ಟೆಂಬರಿನಲ್ಲಿ ಬೋನಸ್ಸು ಶೇ. 20ರಿಂದ 10ಕ್ಕೆ ಇಳಿದಾಗ ಮುನ್ನಾರಿನ ಚಹಾ ತೋಟದ ಹೆಂಗಸರು, ಹೆಚ್ಚಿನವರು ತಮಿಳರು, ಸಂಘಗಳ ಗಂಡು ಮುಖಂಡರನ್ನು ದೂರವಿಟ್ಟು ಪೇಟೆಯ ರಸ್ತೆಯಲ್ಲಿ ಕೂತರು. ‘ಪೆಂಬಿಳೈ ಒರುಮೈ’ (ಹೆಂಗಸರ ಒಗ್ಗಟ್ಟು) ಎಂಬ ಅವರದೇ ಕೂಟ ಹುಟ್ಟಿದ್ದು ಹಾಗೆ. ಬೋನಸ್ಸು ತಿರುಗಿ ಸಿಕ್ಕಿತು. ಈ ಮುಷ್ಕರದ ಮೇಲೆ ಕನ್ನಡದಲ್ಲಿ ಒಂದು ನೀಳ್ಗವಿತೆ ಬರಬೇಕೆಂದು ನನ್ನ ಆಸೆ. ಶೇಕಡಾ ಲೆಕ್ಕವೂ ಅದರಲ್ಲಿ ಬರಲಿ.